ಆರೋಪಿಯೂ ಸರಕಾರ, ಅಭಿಯೋಜಕನೂ ಸರಕಾರ

ಒಂದು ಮನೆಗೆ ಕಳ್ಳ ನುಗ್ಗಿದನೆಂದಿಟ್ಟುಕೊಳ್ಳಿ. ಮನೆಯ ಯಜಮಾನ ಠಾಣೆಗೆ ಹೋಗಿ ದೂರು ಕೊಡುತ್ತಾನೆ. ಪೊಲೀಸರು ತನಿಖೆ ನಡೆಸಿ ದೋಷಾರೋಪಣಾ ಪಟ್ಟಿ ಸಲ್ಲಿಸುತ್ತಾರೆ. ನ್ಯಾಯಾಲಯದಲ್ಲಿ ಆ ಯಜಮಾನನ ಪರವಾಗಿ ವಾದಿಸಲು ಪಬ್ಲಿಕ್ ಪ್ರಾಸಿಕ್ಯೂಟರ್, ಅಂದರೆ ಸರಕಾರಿ ಅಭಿಯೋಜಕ, ಎದ್ದು ನಿಲ್ಲುತ್ತಾನೆ. ಕಳ್ಳನ ಪರವಾಗಿ ಆತ ನೇಮಿಸಿಕೊಂಡ ವಕೀಲನಿರುತ್ತಾನೆ. ಎರಡು ಪಕ್ಷಗಳು, ನಡುವೆ ನ್ಯಾಯಾಧೀಶ. ಈ ವ್ಯವಸ್ಥೆಯಲ್ಲಿ ನಮಗಾರಿಗೂ ತಕರಾರಿಲ್ಲ.

ಈಗ ಆರೋಪಿಯ ಮೈಮೇಲೆ ಖಾಕಿ ಸಮವಸ್ತ್ರವಿದೆಯೆಂದು ಊಹಿಸಿಕೊಳ್ಳಿ. ಆತನ ಮೇಲಿರುವುದು ಕಳ್ಳತನದ ಆರೋಪವಲ್ಲ, ಲಾಕಪ್ಪಿನಲ್ಲಿ ಒಬ್ಬ ಯುವಕನನ್ನು ಬಡಿದು ಕೊಂದ ಆರೋಪ. ಆಗ ಆರೋಪಿಗೆ ಸಂಬಳ ಕೊಡುವುದು ಸರಕಾರ. ಆತನ ವಿರುದ್ಧ ವಾದಿಸಬೇಕಾದ ಅಭಿಯೋಜಕನನ್ನು ನೇಮಿಸುವುದೂ, ಬೇಡವೆನಿಸಿದಾಗ ಕಿತ್ತು ಹಾಕುವುದೂ ಅದೇ ಸರಕಾರ. ಮೊಕದ್ದಮೆ ಹೂಡಲು ಅನುಮತಿ ಕೊಡಬೇಕಾದುದೂ ಅದೇ ಸರಕಾರ. ನಿನ್ನೆಯವರೆಗೆ ಆ ಅಭಿಯೋಜಕ ಇದೇ ಪೊಲೀಸರು ತಂದುಕೊಟ್ಟ ಕಡತ ಹಿಡಿದು ಇತರರ ವಿರುದ್ಧ ವಾದಿಸಿದ್ದಾನೆ, ನಾಳೆಯೂ ಆತ ಇವರನ್ನೇ ಅವಲಂಬಿಸಬೇಕಾಗಿದೆ. ಇಂಥವನಿಂದ ಆ ಯುವಕನ ತಾಯಿಗೆ ನ್ಯಾಯ ಸಿಗುತ್ತದೆಂದು ನಾವು ನಂಬಬೇಕೇ? ಬೇಲಿಯೇ ಎದ್ದು ಹೊಲ ಮೇಯ್ದಾಗ, ಆ ಬೇಲಿಯ ವಿರುದ್ಧ ದೂರನ್ನು ಬೇಲಿಯ ನೆಂಟನ ಕೈಗೇ ಕೊಡುವ ಈ ಪದ್ಧತಿಯನ್ನು ನ್ಯಾಯವೆಂದು ಕರೆಯುವುದು ಹೇಗೆ?

ಇದು ಕೇವಲ ಊಹೆಯಲ್ಲ. ಖ್ವಾಜಾ ಯೂನುಸ್ ಪ್ರಕರಣವನ್ನು ನೆನಪಿಸಿಕೊಳ್ಳೋಣ. ಮಹಾರಾಷ್ಟ್ರದ ಪರ್ಭಣಿಯ ಈ ಯುವ ಇಂಜಿನಿಯರನನ್ನು 2002ರ ಡಿಸೆಂಬರ್‌ನಲ್ಲಿ ಘಾಟ್ಕೋಪರ್ ಬಾಂಬ್ ಸ್ಫೋಟದ ಸಂಬಂಧದಲ್ಲಿ ಮುಂಬೈ ಪೊಲೀಸರು ಬಂಧಿಸಿದರು. ಆಗ ಆತನ ವಯಸ್ಸು 27. ಎರಡು ವಾರ ಕಳೆಯುವಷ್ಟರಲ್ಲಿ, 2003ರ ಜನವರಿಯಲ್ಲಿ ಪೊಲೀಸರು ಒಂದು ಕಥೆ ಹೇಳಿದರು. ತನಿಖೆಗಾಗಿ ಔರಂಗಾಬಾದಿಗೆ ಕರೆದೊಯ್ಯುತ್ತಿದ್ದಾಗ ಅಹ್ಮದ್‌ನಗರ ಜಿಲ್ಲೆಯಲ್ಲಿ ಜೀಪು ಕಂದಕಕ್ಕೆ ಉರುಳಿತು, ಆ ಗೊಂದಲದಲ್ಲಿ ಯೂನುಸ್ ತಪ್ಪಿಸಿಕೊಂಡ ಎಂಬುದು ಆ ಕಥೆ. ಆ ಬಳಿಕ ಯೂನುಸ್‌ನನ್ನು ಯಾರೂ ಕಂಡಿಲ್ಲ. ಆತನ ಶವವೂ ಮನೆಯವರಿಗೆ ದಕ್ಕಲಿಲ್ಲ. ಜೊತೆಗೆ ಬಂಧಿತನಾಗಿದ್ದ ವೈದ್ಯರೊಬ್ಬರು, ಲಾಕಪ್ಪಿನಲ್ಲಿ ಯೂನುಸ್‌ನನ್ನು ವಿವಸ್ತ್ರಗೊಳಿಸಿ ಥಳಿಸುತ್ತಿದ್ದುದನ್ನೂ ಆತ ರಕ್ತ ಕಾರಿದ್ದನ್ನೂ ತಾನು ಕಣ್ಣಾರೆ ಕಂಡೆನೆಂದು ಹೇಳಿದರು. ಸ್ಫೋಟದ ಪ್ರಕರಣದಲ್ಲಿ ಆ ವೈದ್ಯರು ಬಳಿಕ ಖುಲಾಸೆಗೊಂಡರು.

ನ್ಯಾಯಾಲಯ ಮಧ್ಯಪ್ರವೇಶಿಸಿದ ಮೇಲೆ ಸಿಐಡಿ ತನಿಖೆ ನಡೆಯಿತು. ಸಿಐಡಿ ಬೊಟ್ಟು ಮಾಡಿದ್ದು 14 ಮಂದಿ ಪೊಲೀಸರತ್ತ. ಮೊಕದ್ದಮೆ ನಡೆಸಲು ರಾಜ್ಯ ಸರಕಾರ ಅನುಮತಿ ನೀಡಿದ್ದು ಕೇವಲ 4 ಮಂದಿಯ ವಿರುದ್ಧ. ಉಳಿದ 10 ಮಂದಿ ಕಟೆಕಟೆ ಹತ್ತುವ ಪ್ರಸಂಗವೇ ಬರಲಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಈ ಹತ್ತು ಮಂದಿಯನ್ನು ಕೈಬಿಟ್ಟದ್ದು ಸಾಕ್ಷ್ಯವನ್ನು ತೂಗಿ ನೋಡಿದ ನ್ಯಾಯಾಧೀಶನಲ್ಲ. ಅವರ ಧಣಿಯಾದ ಸರಕಾರವೇ ಕೈಬಿಟ್ಟಿತು.

ಸಾಕ್ಷಿ ವಿಚಾರಣೆಯ ಹಂತಕ್ಕೆ ಬರಲು 15 ವರ್ಷ ಹಿಡಿಯಿತು. 2018ರ ಜನವರಿಯಲ್ಲಿ ಆ ವೈದ್ಯರು ನ್ಯಾಯಾಲಯದಲ್ಲಿ ಸಾಕ್ಷಿ ನುಡಿದರು. ಪಟ್ಟಿಯಲ್ಲಿಲ್ಲದ ಇನ್ನೂ ನಾಲ್ವರು ಪೊಲೀಸರ ಹೆಸರನ್ನು ಹೇಳಿದರು. ವಿಶೇಷ ಸರಕಾರಿ ಅಭಿಯೋಜಕರಾಗಿದ್ದ ಧೀರಜ್ ಮಿರಾಜ್ಕರ್ ತಮ್ಮ ಕರ್ತವ್ಯವನ್ನು ನಿರ್ವಹಿಸಿದರು. ದಂಡ ಪ್ರಕ್ರಿಯಾ ಸಂಹಿತೆಯ 319ನೇ ವಿಧಿಯಂತೆ ಆ ನಾಲ್ವರನ್ನೂ ಆರೋಪಿಗಳಾಗಿ ಸೇರಿಸಬೇಕೆಂದು ಅರ್ಜಿ ಸಲ್ಲಿಸಿದರು. ಸಾಕ್ಷ್ಯದಲ್ಲಿ ಹೊಸ ಹೆಸರು ಬಂದಾಗ ಯಾವ ಅಭಿಯೋಜಕನೂ ಮಾಡಬೇಕಾದ ಸಾಮಾನ್ಯ ಕೆಲಸವಿದು. ಆದರೆ 2018ರ ಎಪ್ರಿಲ್‌ನಲ್ಲಿ ಸರಕಾರ ಅವರನ್ನು ಆ ಪ್ರಕರಣದಿಂದ ತೆಗೆದು ಹಾಕಿತು. ಆ ಬಳಿಕ ವಿಚಾರಣೆ ವರ್ಷಗಟ್ಟಲೆ ನಿಂತ ನೀರಾಯಿತು. 2022ರಲ್ಲಿ ಹೊಸ ಅಭಿಯೋಜಕರು ಬಂದರು. ಹಿಂದಿನವರು ಸಲ್ಲಿಸಿದ್ದ ಅದೇ ಅರ್ಜಿಯನ್ನು ಹಿಂದಕ್ಕೆ ಪಡೆಯಲು ಅಭಿಯೋಜನೆಯೇ ಮುಂದಾಯಿತು.

ಈ ನಡುವೆ ಆರೋಪಿಗಳ ಗತಿಯೇನಾಯಿತು? ನಾಲ್ವರಲ್ಲಿ ಒಬ್ಬನಾದ ಸಚಿನ್ ವಾಝೆ 2004ರಲ್ಲಿ ಅಮಾನತುಗೊಂಡಿದ್ದ. ಕೊರೋನಾ ಕಾಲದಲ್ಲಿ ಸಿಬ್ಬಂದಿಯ ಕೊರತೆಯೆಂಬ ಕಾರಣ ಮುಂದಿಟ್ಟು 2020ರ ಜೂನ್‌ನಲ್ಲಿ ಆತನನ್ನೂ ಉಳಿದ ಮೂವರನ್ನೂ ಮತ್ತೆ ಸೇವೆಗೆ ಸೇರಿಸಿಕೊಳ್ಳಲಾಯಿತು. ಕೊಲೆ ಆರೋಪದ ವಿಚಾರಣೆ ಬಾಕಿಯಿರುವಾಗಲೇ ಆತ ಮುಂಬೈ ಅಪರಾಧ ವಿಭಾಗದ ಕುರ್ಚಿಯಲ್ಲಿ ಕುಳಿತ. ಕೊನೆಗೆ ಆತನನ್ನು ಸೇವೆಯಿಂದ ವಜಾ ಮಾಡಿದ್ದು 2021ರ ಮೇ ತಿಂಗಳಲ್ಲಿ. ಕಾರಣ ಯೂನುಸ್ ಸಾವಲ್ಲ, ಉದ್ಯಮಿಯೊಬ್ಬರ ಮನೆಯ ಬಳಿ ಸ್ಫೋಟಕ ತುಂಬಿದ ಕಾರು ಪತ್ತೆಯಾದ ಪ್ರಕರಣ! ಪರ್ಭಣಿಯ ತಾಯಿಯೊಬ್ಬಳ ಮಗ ಕಾಣೆಯಾದಾಗ ಅಲುಗದ ವ್ಯವಸ್ಥೆ, ಶ್ರೀಮಂತನ ಗೇಟಿನ ಬಳಿ ಕಾರು ನಿಂತಾಗ ವಾರಗಳೊಳಗೆ ಎಚ್ಚೆತ್ತಿತು.

ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಯೂನುಸ್ ಪ್ರಕರಣದ ಆರೋಪಿಗಳು ಅಪರಾಧಿಗಳೆಂದು ಈ ಲೇಖನ ತೀರ್ಪು ಕೊಡುತ್ತಿಲ್ಲ. ಅದು ನ್ಯಾಯಾಲಯದ ಕೆಲಸ. ನಮ್ಮ ಪ್ರಶ್ನೆ ಬೇರೆ. ಸಾಕ್ಷ್ಯ ಆರೋಪಿಗಳತ್ತ ವಾಲಿದ ಕ್ಷಣದಲ್ಲೇ ಅಭಿಯೋಜಕನನ್ನು ಬದಲಾಯಿಸುವ ಅಧಿಕಾರ ಆರೋಪಿಗಳ ಇಲಾಖೆಯನ್ನು ಆಳುವ ಸರಕಾರದ ಕೈಯಲ್ಲಿರುವಾಗ, ಆ ನ್ಯಾಯಾಲಯದ ಮುಂದೆ ಸತ್ಯ ಪೂರ್ತಿಯಾಗಿ ಬರುವುದಾದರೂ ಹೇಗೆ? ನ್ಯಾಯಾಧೀಶ ತನ್ನ ಮುಂದೆ ತಂದಿಟ್ಟುದನ್ನು ಮಾತ್ರ ನೋಡಬಲ್ಲ. ಏನನ್ನು ತಂದಿಡಬೇಕು, ಏನನ್ನು ಕಪಾಟಿನಲ್ಲೇ ಉಳಿಸಬೇಕೆಂಬುದು ಬಹುಪಾಲು ಅಭಿಯೋಜಕನ ಕೈಯಲ್ಲಿದೆ.

ಇದಕ್ಕೆ ಹಾಶಿಂಪುರಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. 1987ರ ಮೇ 22ರಂದು ಉತ್ತರ ಪ್ರದೇಶದ ಪಿಎಸಿ ಪಡೆಯ ಸಿಬ್ಬಂದಿ ಮೀರತ್‌ನ ಹಾಶಿಂಪುರ ಮೊಹಲ್ಲಾದಿಂದ ಮುಸ್ಲಿಮ್ ಪುರುಷರನ್ನು ಟ್ರಕ್ಕಿನಲ್ಲಿ ತುಂಬಿ ಒಯ್ದರು. ಕಾಲುವೆಯ ದಡದಲ್ಲಿ ಗುಂಡಿಕ್ಕಿ ಶವಗಳನ್ನು ನೀರಿಗೆಸೆದರು. ಸತ್ತವರು 42 ಮಂದಿ. ದೋಷಾರೋಪಣಾ ಪಟ್ಟಿ ಸಲ್ಲಿಕೆಯಾದದ್ದು 1996ರಲ್ಲಿ. ಆರೋಪಿಗಳು ಸೇವೆಯಲ್ಲಿದ್ದರು, ಸಂಬಳ ಪಡೆಯುತ್ತಿದ್ದರು. ಆದರೂ ಗಾಝಿಯಾಬಾದಿನ ನ್ಯಾಯಾಲಯ ಹೊರಡಿಸಿದ ವಾರಂಟುಗಳ ಮೇಲೆ ವಾರಂಟುಗಳು ಜಾರಿಯಾಗದೆ ಮರಳಿದವು. ಸ್ವಂತ ನೌಕರನ ವಿಳಾಸವೇ ಸರಕಾರಕ್ಕೆ ಸಿಗಲಿಲ್ಲ! ಸಂತ್ರಸ್ತರ ಮನವಿಯ ಮೇರೆಗೆ 2002ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ದಿಲ್ಲಿಗೆ ವರ್ಗಾಯಿಸಿತು. ಅಲ್ಲಿ ವಾದಿಸಲು ವಿಶೇಷ ಅಭಿಯೋಜಕನನ್ನು ನೇಮಿಸಲು ಉತ್ತರ ಪ್ರದೇಶ ಸರಕಾರಕ್ಕೆ 2004ರ ನವೆಂಬರ್ ತನಕ ಪುರುಸೊತ್ತಾಗಲಿಲ್ಲ. ನೇಮಕವಾದವರ ಅರ್ಹತೆಯ ಬಗ್ಗೆಯೇ ಪ್ರಶ್ನೆಯೆದ್ದು ಮತ್ತೆ ಕಾಲ ಕಳೆಯಿತು. ಆರೋಪ ಹೊರಿಸಿದ್ದು 2006ರಲ್ಲಿ.

2015ರ ಮಾರ್ಚ್ 21ರಂದು, ಬದುಕಿ ಉಳಿದಿದ್ದ 16 ಆರೋಪಿಗಳನ್ನೂ ವಿಚಾರಣಾ ನ್ಯಾಯಾಲಯ ಖುಲಾಸೆ ಮಾಡಿತು. ಹತ್ಯೆ ನಡೆದುದು ನಿಜ, ಆದರೆ ಟ್ರಕ್ಕಿನಲ್ಲಿದ್ದವರು ಇವರೇ ಎಂಬುದಕ್ಕೆ ಸಾಕಷ್ಟು ಆಧಾರವಿಲ್ಲ ಎಂಬುದು ಅದರ ಸಾರ. ಆಧಾರ ನಿಜವಾಗಿಯೂ ಇರಲಿಲ್ಲವೇ? ಮೇಲ್ಮನವಿಯ ಹಂತದಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಮಧ್ಯಪ್ರವೇಶಿಸಿತು. ಹೆಚ್ಚುವರಿ ಸಾಕ್ಷ್ಯಕ್ಕೆ ದಿಲ್ಲಿ ಹೈಕೋರ್ಟ್ ಅವಕಾಶ ನೀಡಿತು. ಆ ದಿನ ಯಾರು ಯಾರು ಯಾವ ಕರ್ತವ್ಯದ ಮೇಲೆ ಹೊರಟರೆಂದು ದಾಖಲಿಸಿದ್ದ ಪೊಲೀಸ್ ಲೈನಿನ ಡೈರಿ ಹೊರಗೆ ಬಂತು. 2018ರ ಅಕ್ಟೋಬರ್ 31ರಂದು ಹೈಕೋರ್ಟ್ 16 ಮಂದಿಗೂ ಜೀವಾವಧಿ ಶಿಕ್ಷೆ ವಿಧಿಸಿತು. 2024ರ ಡಿಸೆಂಬರ್‌ನಲ್ಲಿ ಅವರಲ್ಲಿ ಕೆಲವರಿಗೆ ಸುಪ್ರೀಂ ಕೋರ್ಟ್ ಜಾಮೀನು ನೀಡಿತು ಎಂಬುದನ್ನೂ ಇಲ್ಲಿ ದಾಖಲಿಸಬೇಕು.

ಆ ಡೈರಿ ಪೊಲೀಸರದೇ ಡೈರಿ. ಪೊಲೀಸರದೇ ಕೈಯಲ್ಲಿತ್ತು. ವಿಚಾರಣಾ ನ್ಯಾಯಾಲಯದಲ್ಲಿ ಅದನ್ನು ಸಾಬೀತುಪಡಿಸಬೇಕಾಗಿದ್ದುದು ಸರಕಾರದ ಪಕ್ಷ. 28 ವರ್ಷಗಳಲ್ಲಿ ಸರಕಾರದ ಪಕ್ಷಕ್ಕೆ ಮಾಡಲಾಗದ ಆ ಕೆಲಸ, ಸರಕಾರದ ಹಂಗಿಲ್ಲದ ಒಂದು ಸಂಸ್ಥೆ ಪ್ರಕರಣದೊಳಗೆ ಕಾಲಿಟ್ಟಾಗ ಮೂರೇ ವರ್ಷಗಳಲ್ಲಿ ಆಯಿತು. ಸ್ವತಂತ್ರ ಅಭಿಯೋಜನೆ ಎಂದರೇನು, ಅದಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ಯಾವುದಿದೆ?

ಕಾನೂನು ಏನು ಹೇಳುತ್ತದೆ ಎಂಬುದನ್ನೂ ನೋಡೋಣ. 1973ರ ದಂಡ ಪ್ರಕ್ರಿಯಾ ಸಂಹಿತೆ ಜಾರಿಗೆ ಬರುವ ಮೊದಲು ಕೆಳ ನ್ಯಾಯಾಲಯಗಳಲ್ಲಿ ಪೊಲೀಸ್ ಅಧಿಕಾರಿಗಳೇ ಅಭಿಯೋಜಕರಾಗಿ ವಾದಿಸುವ ರೂಢಿಯಿತ್ತು. ತನಿಖೆ ಮಾಡಿದವನೇ ವಾದ ಮಾಡಬಾರದೆಂಬ ವಿವೇಕದಿಂದ 1973ರ ಸಂಹಿತೆ ಅಭಿಯೋಜನೆಯನ್ನು ಪೊಲೀಸ್ ಇಲಾಖೆಯಿಂದ ಬೇರ್ಪಡಿಸಿತು. 1995ರಲ್ಲಿ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಸಹಾಯಕ ಅಭಿಯೋಜಕರು ಪೊಲೀಸ್ ಇಲಾಖೆಯ ಹಿಡಿತದಿಂದ ಮುಕ್ತರಾಗಿರಬೇಕು, ಅವರಿಗೆ ಪ್ರತ್ಯೇಕ ಇಲಾಖೆಯಿರಬೇಕು ಎಂದು ನಿರ್ದೇಶಿಸಿತು. ಆದರೆ ಮುಂದೆ ಆದದ್ದೇನು? 2005ರ ತಿದ್ದುಪಡಿ ಅಭಿಯೋಜನಾ ನಿರ್ದೇಶನಾಲಯವನ್ನು ಸೃಷ್ಟಿಸಿತು, ಮತ್ತು ಅದನ್ನು ತಂದು ಕಟ್ಟಿದ್ದು ಗೃಹ ಇಲಾಖೆಯ ಗೂಟಕ್ಕೆ! 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ವಸಾಹತುಶಾಹಿಯ ಕೊಳೆಯನ್ನು ತೊಳೆಯುತ್ತದೆಂದು ಡಂಗುರ ಸಾರಲಾಯಿತು. ಅದರ 20ನೇ ವಿಧಿಯನ್ನು ಓದಿ ನೋಡಿ. ನಿರ್ದೇಶನಾಲಯ ಇಂದಿಗೂ ರಾಜ್ಯದ ಗೃಹ ಇಲಾಖೆಯ ಆಡಳಿತ ನಿಯಂತ್ರಣದಲ್ಲೇ ಇದೆ. ಪೊಲೀಸರ ಧಣಿ ಯಾರೋ, ಅಭಿಯೋಜಕರ ಧಣಿಯೂ ಅವರೇ.

ಇದರೊಂದಿಗೆ ಪೂರ್ವಾನುಮತಿಯ ಬೀಗವೂ ಇದೆ. ಕರ್ತವ್ಯ ನಿರ್ವಹಣೆಯ ವೇಳೆ ಎಸಗಿದ ಕೃತ್ಯಕ್ಕಾಗಿ ಸರಕಾರಿ ಅಧಿಕಾರಿಯ ಮೇಲೆ ಮೊಕದ್ದಮೆ ನಡೆಸಲು ಸರಕಾರದ ಅನುಮತಿ ಬೇಕು. ನಮ್ಮ ರಾಜ್ಯದಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ವಿಧಿ ಇನ್ನೊಂದು ಬೀಗ ಜಡಿದಿದೆ. ಕಸ್ಟಡಿಯಲ್ಲಿ ಹಲ್ಲೆ ನಡೆಯಿತೆಂಬ ಕರ್ನಾಟಕದ ದೂರೊಂದನ್ನು 2020ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಇದೇ ಕಾರಣಕ್ಕೆ ರದ್ದುಪಡಿಸಿತು. ಅಧಿಕಾರದ ಮಿತಿ ಮೀರಿದ್ದರೂ ಕೃತ್ಯಕ್ಕೆ ಕರ್ತವ್ಯದೊಂದಿಗೆ ಸಕಾರಣ ಸಂಬಂಧವಿದ್ದರೆ ಅನುಮತಿ ಅಗತ್ಯವೆಂದಿತು. 2004ರ ಇಶ್ರತ್ ಜಹಾನ್ ಪ್ರಕರಣದಲ್ಲಿ ಗುಜರಾತ್ ಸರಕಾರ ಅನುಮತಿ ನಿರಾಕರಿಸಿತು. 2021ರ ಮಾರ್ಚ್ 31ರಂದು ಉಳಿದ ಮೂವರು ಪೊಲೀಸರನ್ನೂ ನ್ಯಾಯಾಲಯ ಆರೋಪಮುಕ್ತಗೊಳಿಸಿತು. ಸಾಕ್ಷಿಗಳ ವಿಚಾರಣೆಯೇ ನಡೆಯದೆ ಪ್ರಕರಣ ಮುಗಿಯಿತು. ಹೊಸ ಸಂಹಿತೆಯ 218ನೇ ವಿಧಿ, 120 ದಿನಗಳೊಳಗೆ ಸರಕಾರ ನಿರ್ಧರಿಸದಿದ್ದರೆ ಅನುಮತಿ ದೊರೆತಂತೆಯೇ ಎಂದಿದೆ. ಇದು ಸ್ವಾಗತಾರ್ಹ. ಆದರೆ ಮೌನಕ್ಕೆ ಗಡುವು ಹಾಕಿದ ಕಾನೂನು ನಿರಾಕರಣೆಗೆ ಯಾವ ಅಂಕುಶವನ್ನೂ ಹಾಕಿಲ್ಲ.

ಇವೆಲ್ಲದರ ಫಲಿತಾಂಶ ಅಂಕಿ-ಅಂಶಗಳಲ್ಲಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2001ರಿಂದ 2020ರವರೆಗಿನ 20 ವರ್ಷಗಳಲ್ಲಿ ಪೊಲೀಸ್ ಕಸ್ಟಡಿಯಲ್ಲಿ 1,888 ಮಂದಿ ಸತ್ತರು. ಪೊಲೀಸರ ಮೇಲೆ ದಾಖಲಾದ ಪ್ರಕರಣಗಳು 893. ದೋಷಾರೋಪಣಾ ಪಟ್ಟಿ ಎದುರಿಸಿದ ಪೊಲೀಸರು 358. ಶಿಕ್ಷೆಗೊಳಗಾದವರು 26. ಎಲ್ಲ ಸಾವುಗಳೂ ಕೊಲೆಯಲ್ಲ ಎಂಬುದನ್ನು ಒಪ್ಪೋಣ. ಕಾಯಿಲೆಯಿಂದ ಸತ್ತವರೂ ಇದ್ದಾರು. ಆದರೂ 1,888ರಿಂದ 26ಕ್ಕೆ ಇಳಿಯುವ ಈ ಮೆಟ್ಟಿಲುಗಳಲ್ಲಿ ಒಂದೊಂದರಲ್ಲೂ ಕಾವಲು ನಿಂತಿರುವುದು ಸರಕಾರವೇ ಅಲ್ಲವೇ?

ಇಲ್ಲಿ ಕೆಲವರು ಒಂದು ವಾದ ಮುಂದಿಡುತ್ತಾರೆ. ಪೊಲೀಸರನ್ನು ಹೀಗೆ ಬೆನ್ನಟ್ಟಿದರೆ ಅವರ ನೈತಿಕ ಸ್ಥೈರ್ಯ ಕುಸಿಯುತ್ತದೆ, ಅಪರಾಧಿಗಳು ಹೆಚ್ಚಿಕೊಳ್ಳುತ್ತಾರೆ ಎಂಬುದು ಆ ವಾದ. ಇದಕ್ಕೆ ಉತ್ತರವಾಗಿ ಅಮೆರಿಕದ ಒಂದು ಘಟನೆಯನ್ನು ನೋಡಬಹುದು. 2014ರ ಆಗಸ್ಟ್‌ನಲ್ಲಿ ಫರ್ಗ್ಯೂಸನ್ ಪಟ್ಟಣದಲ್ಲಿ ಮೈಕಲ್ ಬ್ರೌನ್ ಎಂಬ ಕಪ್ಪು ಯುವಕ ಪೊಲೀಸನ ಗುಂಡಿಗೆ ಬಲಿಯಾದ. ಅಲ್ಲಿನ ಅಭಿಯೋಜಕ ರಾಬರ್ಟ್ ಮೆಕಲಕ್‌ರ ತಂದೆ ಪೊಲೀಸರಾಗಿದ್ದು, 1964ರಲ್ಲಿ ಕರ್ತವ್ಯದಲ್ಲಿದ್ದಾಗ ಕೊಲೆಯಾಗಿದ್ದರು. ಆದ್ದರಿಂದ ಈ ಪ್ರಕರಣದಿಂದ ಅವರು ಹಿಂದೆ ಸರಿಯಬೇಕೆಂದು ಜನ ಒತ್ತಾಯಿಸಿದರು. ಅವರು ಸರಿಯಲಿಲ್ಲ. ನವೆಂಬರ್‌ನಲ್ಲಿ ಆ ಪೊಲೀಸನ ಮೇಲೆ ಆರೋಪ ಹೊರಿಸಬೇಕಾಗಿಲ್ಲವೆಂಬ ನಿರ್ಧಾರ ಹೊರಬಿದ್ದಾಗ ಊರಿಗೆ ಊರೇ ಹೊತ್ತಿ ಉರಿಯಿತು. ಮುಂದೆ 2015ರಲ್ಲಿ ಕೇಂದ್ರದ ನ್ಯಾಯ ಇಲಾಖೆಯೂ, 2020ರಲ್ಲಿ ಮೆಕಲಕ್‌ರನ್ನು ಸೋಲಿಸಿ ಬಂದ ಹೊಸ ಅಭಿಯೋಜಕರೂ ಪ್ರಕರಣವನ್ನು ಮರುಪರಿಶೀಲಿಸಿ ಆರೋಪ ಹೊರಿಸಲಾಗದೆಂದೇ ಹೇಳಿದರು. ಅಂದರೆ ಮೊದಲ ನಿರ್ಧಾರ ಕಾನೂನಿನ ದೃಷ್ಟಿಯಿಂದ ಸರಿಯಾಗಿಯೇ ಇದ್ದಿರಬಹುದು. ಆದರೂ ಅದನ್ನು ಜನ ನಂಬಲಿಲ್ಲ. ಏಕೆಂದರೆ ಅದನ್ನು ಹೇಳಿದವನು ತಟಸ್ಥನೆಂದು ಯಾರಿಗೂ ಅನಿಸಲಿಲ್ಲ.

ಸ್ವತಂತ್ರ ಅಭಿಯೋಜಕ ಬೇಕಾಗಿರುವುದು ಸಂತ್ರಸ್ತನಿಗೆ ಮಾತ್ರವಲ್ಲ, ನಿರಪರಾಧಿ ಪೊಲೀಸನಿಗೂ ಬೇಕು. ಹಂಗಿನ ಅಭಿಯೋಜಕನಿಂದ ಸಿಕ್ಕಿದ ಖುಲಾಸೆಯ ಮೇಲೆ ಸಂಶಯದ ಕರಿನೆರಳು ಕೊನೆಯವರೆಗೂ ಉಳಿಯುತ್ತದೆ. ಪ್ರಾಮಾಣಿಕ ಪೊಲೀಸ್ ಅಧಿಕಾರಿಗಳು ಈ ಬೇಡಿಕೆಯನ್ನು ನಮಗಿಂತ ಮೊದಲು ಎತ್ತಬೇಕಿತ್ತು. ಅಷ್ಟಕ್ಕೂ, ಅಭಿಯೋಜಕ ಹೇಗಾದರೂ ಶಿಕ್ಷೆ ಕೊಡಿಸುವ ದಾಹದವನಾಗಿರಬಾರದು, ಆರೋಪಿಗೂ ನ್ಯಾಯವಾಗಿ ನಡೆದುಕೊಳ್ಳಬೇಕೆಂದು ನಮ್ಮ ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ನಮಗೂ ಬೇಕಾಗಿರುವುದು ಅಂಥವನೇ.

ಅಮೆರಿಕ ಆದರ್ಶ ದೇಶವೇನಲ್ಲ. ಆದರೆ ರೋಗವನ್ನು ಗುರುತಿಸಿ ಮದ್ದು ಹುಡುಕುವ ಪ್ರಯತ್ನವಾದರೂ ಅಲ್ಲಿ ನಡೆದಿದೆ. ನಿರಾಯುಧರು ಪೊಲೀಸರಿಂದ ಸತ್ತರೆ ಸ್ಥಳೀಯ ಅಭಿಯೋಜಕನ ಬದಲು ರಾಜ್ಯದ ಅಟಾರ್ನಿ ಜನರಲ್ ಪ್ರಕರಣ ನಡೆಸಬೇಕೆಂದು ನ್ಯೂಯಾರ್ಕ್ ರಾಜ್ಯ 2015ರಲ್ಲಿ ಆದೇಶ ಹೊರಡಿಸಿತು, ಬಳಿಕ ಅದಕ್ಕೆ ಕಾನೂನಿನ ರೂಪ ಕೊಟ್ಟಿತು. 2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಕೊಲೆಯಾದಾಗ ಕೆಲವೇ ದಿನಗಳಲ್ಲಿ ಪ್ರಕರಣದ ಹೊಣೆಯನ್ನು ರಾಜ್ಯದ ಅಟಾರ್ನಿ ಜನರಲ್ ಕೀತ್ ಎಲಿಸನ್‌ರಿಗೆ ವಹಿಸಲಾಯಿತು. ಒಂದು ವರ್ಷ ತುಂಬುವ ಮೊದಲೇ, 2021ರ ಎಪ್ರಿಲ್‌ನಲ್ಲಿ ಆರೋಪಿ ಪೊಲೀಸ್ ಅಪರಾಧಿಯೆಂದು ತೀರ್ಮಾನವಾಯಿತು. ಅಲ್ಲಿ ಹನ್ನೊಂದು ತಿಂಗಳು, ಹಾಶಿಂಪುರಕ್ಕೆ 31 ವರ್ಷ!

ಹಾಗಾದರೆ ಆಗಬೇಕಾದುದೇನು? ಪೊಲೀಸರು ಆರೋಪಿಗಳಾಗಿರುವ ಪ್ರಕರಣಗಳಿಗೆ ಹೈಕೋರ್ಟ್ ಸಿದ್ಧಪಡಿಸಿದ ಪಟ್ಟಿಯಿಂದಲೇ ಅಭಿಯೋಜಕರನ್ನು ನೇಮಿಸಬೇಕು. ನೇಮಕಗೊಂಡವರನ್ನು ಲಿಖಿತ ಕಾರಣವಿಲ್ಲದೆ, ನ್ಯಾಯಾಲಯದ ಒಪ್ಪಿಗೆಯಿಲ್ಲದೆ, ಸಂತ್ರಸ್ತ ಕುಟುಂಬದ ಮಾತು ಕೇಳದೆ ತೆಗೆಯಬಾರದು. ಅಭಿಯೋಜನಾ ನಿರ್ದೇಶನಾಲಯವನ್ನು ಗೃಹ ಇಲಾಖೆಯಿಂದ ಬಿಡಿಸಬೇಕು. ಕಸ್ಟಡಿಯಲ್ಲಿ ನಡೆದ ಹಿಂಸೆ ಕರ್ತವ್ಯದ ಭಾಗವಲ್ಲವೆಂದು ಕಾನೂನಿನಲ್ಲೇ ಬರೆದು, ಅಂಥ ಪ್ರಕರಣಗಳನ್ನು ಪೂರ್ವಾನುಮತಿಯ ಬೀಗದಿಂದ ಹೊರತರಬೇಕು. ಇದನ್ನು ಒಂದು ಸಮುದಾಯದ ಬೇಡಿಕೆಯೆಂದು ತಳ್ಳಿಹಾಕುವಂತಿಲ್ಲ. ಲಾಕಪ್ಪಿನಲ್ಲಿ ಸಾಯುವವರಲ್ಲಿ ದಲಿತರಿದ್ದಾರೆ, ಆದಿವಾಸಿಗಳಿದ್ದಾರೆ, ಕೂಲಿ ಕಾರ್ಮಿಕರಿದ್ದಾರೆ. ಬಡತನವೇ ಅವರೆಲ್ಲರ ಸಮಾನ ಗುರುತು.

ಕೊನೆಯದಾಗಿ ನಮ್ಮದೇ ಸಮುದಾಯಕ್ಕೆ ಒಂದು ಮಾತು. ಅನ್ಯಾಯ ನಡೆದ ವಾರ ನಾವು ಬೀದಿಗಿಳಿಯುತ್ತೇವೆ. ಭಾಷಣ ಮಾಡುತ್ತೇವೆ. ಮನವಿ ಪತ್ರ ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತೇವೆ. ಪರಿಹಾರ ಧನದ ಚೆಕ್ ಬಂದ ಮೇಲೆ ಮರೆಯುತ್ತೇವೆ. ಪ್ರಕರಣ ನಿಜವಾಗಿ ಸಾಯುವುದು ಹತ್ತನೇ ವರ್ಷದ ಯಾವುದೋ ಮಂಗಳವಾರ, ಖಾಲಿ ಕೋರ್ಟ್ ಹಾಲ್‌ನಲ್ಲಿ. ಆ ದಿನ ಅಲ್ಲಿ ಸತ್ತವನ ತಾಯಿಯ ಹೊರತು ನಮ್ಮವರು ಯಾರಿರುತ್ತಾರೆ? 2009ರ ತಿದ್ದುಪಡಿಯಿಂದಾಗಿ, ಅಭಿಯೋಜಕನಿಗೆ ನೆರವಾಗಲು ಸಂತ್ರಸ್ತ ಕುಟುಂಬ ತನ್ನದೇ ವಕೀಲನನ್ನು ನೇಮಿಸಿಕೊಳ್ಳಲು ನ್ಯಾಯಾಲಯ ಅನುಮತಿ ನೀಡಬಹುದು. ಆ ವಕೀಲ ಲಿಖಿತ ವಾದವನ್ನೂ ಸಲ್ಲಿಸಬಹುದು. ಖುಲಾಸೆಯ ವಿರುದ್ಧ ಮೇಲ್ಮನವಿ ಸಲ್ಲಿಸುವ ಹಕ್ಕು ಕುಟುಂಬಕ್ಕಿದೆ. ಸರಕಾರ ಮೊಕದ್ದಮೆ ಹಿಂತೆಗೆದುಕೊಳ್ಳಲು ಹೊರಟರೆ ಸಂತ್ರಸ್ತರ ಮಾತು ಕೇಳಲೇಬೇಕೆಂದು ಹೊಸ ಸಂಹಿತೆಯ 360ನೇ ವಿಧಿ ಹೇಳುತ್ತದೆ. ಈ ಹಕ್ಕುಗಳ ಅರಿವು ನಮ್ಮ ಎಷ್ಟು ಜಮಾಅತ್‌ಗಳ ಪದಾಧಿಕಾರಿಗಳಿಗಿದೆ? ಮದುವೆಯ ಮಂಟಪಕ್ಕೆ ಲಕ್ಷಗಟ್ಟಲೆ ಸುರಿಯುವ ನಮ್ಮ ಪಟ್ಟಣಗಳಲ್ಲಿ, ಇಂಥ ಒಂದು ಕುಟುಂಬದ ವಕೀಲರ ಶುಲ್ಕವನ್ನು ಹತ್ತು ವರ್ಷ ಹೊರುವ ನಿಧಿ ಎಲ್ಲಿದೆ? ಮಕ್ಕಳನ್ನು ಇಂಜಿನಿಯರ್, ಡಾಕ್ಟರ್ ಮಾಡಲು ಹಂಬಲಿಸುವ ನಾವು, ಕಾನೂನು ಓದಿಸಿ ಸಹಾಯಕ ಅಭಿಯೋಜಕರ ಪರೀಕ್ಷೆಗೆ ಎಷ್ಟು ಮಂದಿಯನ್ನು ಕೂರಿಸಿದ್ದೇವೆ?

ಅಧಿಕಾರವನ್ನು ಕೈಯಲ್ಲಿಟ್ಟುಕೊಂಡವರು ತಮ್ಮ ವಿರುದ್ಧ ತಾವೇ ವಾದಿಸುವರೆಂದು ನಿರೀಕ್ಷಿಸುವುದು ಮುಗ್ಧತನ. ಮಿರಾಜ್ಕರ್‌ರಂಥವರು ಆ ಕುರ್ಚಿಯಲ್ಲೂ ಇರುತ್ತಾರೆಂಬುದು ಸಮಾಧಾನದ ಸಂಗತಿ. ಆದರೆ ಪ್ರಾಮಾಣಿಕನೊಬ್ಬ ತನ್ನ ಕೆಲಸ ಮಾಡಿದ ಕೆಲವೇ ವಾರಗಳಲ್ಲಿ ಆ ಕುರ್ಚಿಯಿಂದ ಏಳಬೇಕಾಗುತ್ತದೆಯಾದರೆ, ದೋಷವಿರುವುದು ಆ ಕುರ್ಚಿ ಯಾರ ಅಂಗಳದಲ್ಲಿದೆ ಎಂಬುದರಲ್ಲಿ. ಅದನ್ನು ಆ ಅಂಗಳದಿಂದ ಎತ್ತಿ ಹೊರಗಿಡುವ ತನಕ, ಪರ್ಭಣಿಯ ಆ ತಾಯಿಯ ಮುಂದೆ ಕಾನೂನಿನ ಸಮಾನತೆಯ ಬಗ್ಗೆ ಮಾತಾಡುವ ಯೋಗ್ಯತೆ ಈ ದೇಶದ ಯಾವ ಸರಕಾರಕ್ಕೂ ಇಲ್ಲ.